ಕೊನೇ ಗಾಡಿಗೆ ಅಡ್ಡ ಕೂತವಳು

ಅಯ್ಯೋ, ಆ ಸ್ಟೇಷನ್ ಬಾಗಿಲು ತಳ್ಳಬೇಡಕ್ಕಾ, ಮೊಳೆ ಚುಚ್ಚೀತು! ಹಲಗೆ ಹೊಡೆದು ಮುಚ್ಚಿಬಿಟ್ಟಿದ್ದಾರೆ. ಒಳಗೇನಿದೆ ಅಂತ ಇಣುಕ್ತೀಯ? ಪಾರಿವಾಳದ ಹಿಕ್ಕೆ, ಅಷ್ಟೇ. ಅವ್ವನ ಸಮಾಧಿಗೆ ಹೂವಿಟ್ಟಾಯ್ತು, ಸೀದಾ ಮನೆಗೆ ಹೋಗೋಣ ಅಂದ್ರೆ ನೀನು... ಸರಿ, ಸರಿ, ನೋಡ್ಕೋ. ನೀನು ಜರ್ಮನಿಗೆ ಹೊರಟಿದ್ದೂ ಇಲ್ಲಿಂದ್ಲೇ ಅಲ್ವಾ.

ಯಾಕೆ ನಗ್ತೀಯ? ಓ, ಅದಾ! ಸ್ಟೇಷನ್ ಮಾಸ್ಟರ್ ಗೆನಾದಿಯ ಟೊಮ್ಯಾಟೊ ಗಿಡ. ಅವನು ಹೋದ, ಗಿಡ ಮಾತ್ರ ಹಳಿ ಮಧ್ಯ ತಾನಾಗೇ ಹುಟ್ಕೊಳ್ತಿದೆ.

ತಾತ ಹೇಳ್ತಿದ್ದನಲ್ಲ... ಈ ಗೋಡೆಗೆ ಊರವರೇ ಹೊಳೆಯಿಂದ ಕಲ್ಲು ಹೊತ್ತಿದ್ದಂತೆ. ಮೊದಲ ರೈಲು ಬಂದಾಗ ಪಾದ್ರಿ ತೀರ್ಥ ಚಿಮುಕಿಸೋಕೆ ಹೋದ, ಇಂಜಿನ್ನು ಬುಸ್ ಅಂತು, ಪಾದ್ರಿ ಶಿಲುಬೆ ಸಮೇತ ಓಟ! ಆಮೇಲೆ ಏನು ಗದ್ದಲ ಇಲ್ಲಿ! ಸಕ್ಕರೆ ಕಾರ್ಖಾನೆಗೆ ಬೀಟ್‌ರೂಟ್ ತುಂಬಿದ ಗಾಡಿಗಳು, ಸೈನ್ಯಕ್ಕೆ ಹೊರಟ ಹುಡುಗರು, ಡೋಲು, ಅಳು... ಅವ್ವ ಕಿಟಕಿ ಕಿಟಕಿಗೂ ಓಡಿ ಬೇಯಿಸಿದ ಜೋಳ ಮಾರ್ತಿದ್ಲು. "ನೆವೆನಾ, ಚಿಲ್ಲರೆ ಕೊಡೇ! ಸ್ಪಾಸ್ಕಾ, ಬಕೆಟ್ ಎತ್ತೇ!" ನಮ್ಮಿಬ್ಬರನ್ನೂ ಕುಣಿಸಿಬಿಡ್ತಿದ್ಲು.

ಕಾರ್ಖಾನೆ ಮುಚ್ಚಿತು ನೋಡು, ಅಲ್ಲಿಂದ ಶುರು. ಬೆಳಗಿನ ಗಾಡಿ ನಿಲ್ಲಿಸಿದ್ರು. ಗೆನಾದೀನ ಮನೆಗೆ ಕಳಿಸಿದ್ರು. ಆಮೇಲೆ ಒಂದೇ ಒಂದು ಬೋಗಿ, ಅದರ ತುಂಬ ಆಸ್ಪತ್ರೆಗೆ ಹೋಗೋ ಮುದುಕೀರು. ಹೋದ ಚಳಿಗಾಲ ರಾಜಧಾನಿ ಸೋಫಿಯಾದಿಂದ ಹುಕುಂ ಬಂತು, ಅದೂ ಬೇಡವಂತೆ.

ಏನು? ಹಳಿ ಮೇಲೆ... ಯಾರು ಹೇಳಿದ್ರು ನಿಂಗೆ? ಬೇಕರಿಯವಳಾ? ಅವಳ ಬಾಯಿಗೆ ಬೀಗವೇ ಇಲ್ಲ! ಹೌದು, ಅವ್ವ ಕೂತಿದ್ಲು. ಊರವರೆಲ್ಲ ಕೂತಿದ್ವಿ, ಕೊನೇ ಗಾಡೀನ ಹೋಗೋಕೆ ಬಿಡಲ್ಲ ಅಂತ. ಹಿಮ ಬೀಳ್ತಿತ್ತು. ಮೇಯರ್ ಭಾಷಣ ಬಿಗಿದ, ರಕಿಯಾ ಸಾರಾಯಿ ಬಾಟಲಿ ಕೈಯಿಂದ ಕೈಗೆ ಹೋಯ್ತು, ಹಾಡೂ ಆಯ್ತು. ಚಳಿ ಏರ್ತಿದ್ದ ಹಾಗೆ ಒಬ್ಬೊಬ್ಬರೇ ಎದ್ದು, ಬಟ್ಟೆಯ ಹಿಮ ಕೊಡವಿಕೊಂಡು ಹೋದ್ರು. ಅವ್ವ ಏಳಲಿಲ್ಲ. ಇಂಜಿನ್ ಡ್ರೈವರ್ ಇಳಿದು ಬಂದ. "ಏಳು ತಾಯಿ, ನಂಗೂ ಹೆಂಡ್ತಿ ಮಕ್ಕಳಿದ್ದಾರೆ" ಅಂದ. "ಇದ್ರೆ ಇರಲಿ ಬಿಡಪ್ಪ, ಬಾ, ನೀನೂ ಕೂತ್ಕೋ" ಅಂದ್ಲು! ಪಾಪ, ತನ್ನ ಕೋಟು ಅವಳಿಗೆ ಹೊದಿಸಿ ಪಕ್ಕದಲ್ಲೇ ಕೂತ!

ನಗು ಬರಲ್ವಾ? ಊರೆಲ್ಲ ನಗುತ್ತೆ ಇದಕ್ಕೆ...

ಹೂಂ. ಜ್ವರ ಹಿಡಿದಿದ್ದು ಆವತ್ತೇ. ಫೋನಲ್ಲಿ "ಊರಿಗೆಲ್ಲ ಬಂದಿರೋ ಜ್ವರ" ಅಂದೆ. ಮತ್ತೇನು ಹೇಳ್ಲಿ? ಸ್ಟೇಷನ್ನೇ ಅವಳ ಬದುಕಾಗಿತ್ತು, ಊರಿಗೋಸ್ಕರ ಕೂತ್ಲು. ಅಷ್ಟೇ.

ಹಾಗೆ ನೋಡಬೇಡಕ್ಕ. ಅಷ್ಟೇ ಅಂದೆನಲ್ಲ! ಬೈಯಿ ಬೇಕಾದ್ರೆ.

ಊರಿಗೋಸ್ಕರ ಅಲ್ಲ. ನಾನೇ ತೋಳು ಹಿಡಿದು ಎಳೆದೆ, "ಏಳವ್ವಾ, ಸಾಯ್ತೀಯ" ಅಂತ. ಕೈ ಕಿತ್ಕೊಂಡ್ಲು. "ಈ ಗಾಡಿ ಹೋಗ್ಬಿಟ್ರೆ ನೆವೆನಾ ಯಾವುದರಲ್ಲಿ ಬರ್ತಾಳೆ?" ಅಂದ್ಲು. ಬಸ್ಸಿದೆಯಲ್ಲವ್ವಾ ಅಂದೆ. ಕಿವಿಗೇ ಹಾಕ್ಕೊಳ್ಳಲಿಲ್ಲ. "ಅವಳು ಹೋಗಿದ್ದು ಇದರಲ್ಲೇ." ಅದೊಂದೇ ಮಾತು.

ಅಳಬೇಡ... ನಿಂಗೆ ನೋವಾಗುತ್ತೆ ಅಂತ ಮುಚ್ಚಿಟ್ಟೆ ಅಂದ್ಕೊಂಡ್ಯಾ? ಅದೂ ಹೌದು. ಆದ್ರೆ ಅಕ್ಕಾ... ಸೂಪು ಕುಡಿಸಿದ್ದು ನಾನು. ಬೆನ್ನು ಉಜ್ಜಿದ್ದು ನಾನು. ಕಣ್ಣು ಬಿಟ್ಟಾಗೆಲ್ಲ ನನ್ನ ಮುಖ ಎರಡೂ ಕೈಯಲ್ಲಿ ಹಿಡ್ಕೊಂಡು "ಬಂದ್ಯಾ ನೆವೆನಾ?" ಅಂತಿದ್ಲು.

"ಬಂದೆ ಅವ್ವಾ" ಅಂತಿದ್ದೆ ಕಣಕ್ಕ. ಪ್ರತಿ ಸಲವೂ. ಒಂದೇ ಒಂದು ಸಲ ಸ್ಪಾಸ್ಕಾ ಅಂತ ಕರೀಲಿಲ್ಲ ನನ್ನ.