ಹತ್ತು ಅಂಕದ ಮನವಿ ಪತ್ರ

"ಹಲೋ... ಯಾರ್ರಿ ಮಾತಾಡೋದು? ಕೊಟ್ರಬಸಮ್ಮಾರಾ? ನಾನ್ರಿ, ತ್ರಿವೇಣಿ, ಕಾಲೇಜಿನ ಕನ್ನಡ ಮೇಡಂ. ಸರ್‌ಗೆ ಫೋನ್ ಕೊಡ್ರಿ."

"...ಇನ್ನೂ ಜಳಕಾನಾ? ಮಾಡ್ಲಿ ಬಿಡ್ರಿ. ನಾ ಫೋನ್ ಇಡಂಗಿಲ್ಲ. ಹಿಂಗ ಹಿಡ್ಕೊಂಡ ನಿಂತಿರ್ತೀನಿ."

ಹೆಂಡತಿಯ ಮಾತು ನಂಬುವುದಾದರೆ, ಪ್ರಿನ್ಸಿಪಾಲ್ ಮರುಳಸಿದ್ದಪ್ಪನವರ ಜಳಕ ಆ ದಿನ ಮುಗಿಯುವ ಲಕ್ಷಣವೇ ಇರಲಿಲ್ಲ. ತ್ರಿವೇಣಿ ಹೊಸಪೇಟೆಯಲ್ಲಿ ಬಸ್ಸು ಹತ್ತುವಾಗಲೂ ಜಳಕ, ಸಂಡೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯುವಾಗಲೂ ಜಳಕ. ಡ್ಯಾಮಿನ ನೀರೆಲ್ಲ ಆ ಒಂದು ಬಚ್ಚಲಿಗೇ ಹರಿಯುತ್ತಿತ್ತೋ ಏನೋ. ಈಗ ಅವಳು ಬಂಡ್ರಿಯ ಬಸ್ ನಿಲ್ದಾಣದ ಕಟ್ಟೆಯ ಮೇಲೆ, ಅದಿರು ಲಾರಿಗಳ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ನಿಂತಿದ್ದಳು. ಆ ಊರಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದುದು ಅಲ್ಲೊಂದೇ ಕಡೆ. ಪಕ್ಕದಲ್ಲಿ ಅವಳ ವಿದ್ಯಾರ್ಥಿನಿ ಭಾಗ್ಯ, ಇದೇ ಊರಿನ ಹುಸೇನಪ್ಪನ ಮಗಳು, ಮೊದಲ ವರ್ಷದ ಬಿ.ಎ. ಎದುರಿನ ಶಾಲೆಯ ಬಯಲಲ್ಲಿ ಶಾಮಿಯಾನ ಏಳುತ್ತಿತ್ತು. ಊರ ಹೊಲಗಳಲ್ಲಿ ಗಣಿ ಬೇಕೋ ಬೇಡವೋ ಎಂದು ಅಧಿಕಾರಿಗಳು ಬಂದು ಜನರನ್ನು ಕೇಳುವ ಸಭೆ ಅದು. ಆ ಗಣಿಯ ಮಾಲೀಕರೇ ತ್ರಿವೇಣಿ ಪಾಠ ಹೇಳುವ ಕಾಲೇಜಿನ ಅಧ್ಯಕ್ಷರೂ ಆಗಿದ್ದರು.

"ಹಾಂ, ಸರ್, ನಮಸ್ಕಾರ... ಇಲ್ಲ ಸರ್, ರಜಾ ಕೇಳಾಕ ಮಾಡಿಲ್ಲ. ಬಂಡ್ರಿಯಿಂದ ಮಾತಾಡಾಕತ್ತೀನಿ... ಹೌದು, ಇವತ್ತು ಸಭೆ ಐತಲ್ಲ, ಅದ ಬಂಡ್ರಿ."

"...ಸರ್, ಹೋದ ತಿಂಗಳ ನಮ್ಮ ಫಸ್ಟ್ ಬಿ.ಎ. ಹುಡುಗರು ಬರದ ಮನವಿ ಪತ್ರ ಎಲ್ಲಿ ಅದಾವ?"

"...ನಿಮ್ಮ ಬೀರುವಿನಾಗ? ಖರೇನಾ?"

"...ಮತ್ತ ಇಲ್ಲಿ ಕಂಪನಿ ಮನಷ್ಯಾನ ಕೈಯಾಗ ಹೆಂಗ ಬಂದ್ವು ಸರ್?"

ಆಚೆ ಕಡೆ ಕೆಮ್ಮು ಶುರುವಾಯಿತು. ಬೆಳಿಗ್ಗೆ ಚಹಾಪುಡಿ ತರಲು ಹೋದ ಭಾಗ್ಯ, ಹೋಟೆಲಿನ ಬೆಂಚಿನ ಮೇಲೆ ಕುಳಿತ ಕಂಪನಿಯವನೊಬ್ಬ ಕಾಗದದ ಕಟ್ಟು ಬಿಚ್ಚಿ, ಇವನ್ನು ಸಭೆಯಲ್ಲಿ ಓದುತ್ತೇವೆ ಎಂದು ಊರವರಿಗೆ ತೋರಿಸುವುದನ್ನು ಕಂಡಿದ್ದಳು. ಎಲ್ಲಕ್ಕಿಂತ ಮೇಲೆ ಇದ್ದುದು ಅವಳದೇ ಅಕ್ಷರ, ಕೆಳಗೆ ಅವಳದೇ ಸಹಿ. ‘ನಮ್ಮ ಕುಟುಂಬವು ಈ ಗಣಿಯನ್ನು ಸಂತೋಷದಿಂದ ಸ್ವಾಗತಿಸುತ್ತದೆ.’ ಕೂಡಲೇ ಅಂಗಡಿಯ ಫೋನಿನಿಂದ ಮೇಡಂಗೆ ಅದನ್ನು ಹೇಳಿದ್ದಳು.

ಅದು ಆಂತರಿಕ ಅಂಕಕ್ಕೆ ಬರೆಸಿದ್ದು. ಪತ್ರಲೇಖನದ ಪಾಠಕ್ಕೆ ಪ್ರಶ್ನೆ ಪ್ರಿನ್ಸಿಪಾಲರ ಕೋಣೆಯಿಂದಲೇ ಬಂದಿತ್ತು: ನಿಮ್ಮ ಊರಿಗೆ ಬರಲಿರುವ ಗಣಿಯನ್ನು ಸ್ವಾಗತಿಸಿ ಅಧಿಕಾರಿಗಳಿಗೆ ಮನವಿ ಪತ್ರ ಬರೆಯಿರಿ, ಹತ್ತು ಅಂಕ. ಆ ತರಗತಿಯಲ್ಲಿ ಬಂಡ್ರಿ ಕಡೆಯ ಹುಡುಗರೇ ಹೆಚ್ಚು.

"ಸರ್, ಒಂದು ಮಾತು ಕೇಳ್ತೀನಿ. ಬಿಡಿ ಹಾಳೆ ಮ್ಯಾಲೆ ಬರಸ್ರಿ, ಮ್ಯಾಲೆ ಪ್ರಶ್ನೆ ಬರಸಬ್ಯಾಡ್ರಿ, ಕೆಂಪು ಪೆನ್ನು ಹಚ್ಚಬ್ಯಾಡ್ರಿ ಅಂತ ನೀವ ಹೇಳಿದ್ರಿ, ಅಲ್ವಾ?"

"...ಅಲ್ವಾ ಸರ್?"

"...ಯುನಿವರ್ಸಿಟಿ ರೂಲು ಅಂದ್ರಿ. ನಾ ನಂಬಿದೆ. ಅಪ್ಪನ ಹೆಸರು, ಊರ ಹೆಸರು ಖರೇವ ಇರ್ಲಿ, ಆಗ ಬರವಣಿಗೆ ಸಹಜ ಬರ್ತೈತಿ ಅಂದ್ರಿ. ಅದನ್ನೂ ನಂಬಿದೆ."

ಅವಳ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯಲ್ಲಿ ಅರ್ಧ ತನ್ನ ಮೇಲಿನದೇ. ಭಾಗ್ಯ ಮೊದಲು ಎರಡು ಸಾಲಿನ ಸಪ್ಪೆ ಪತ್ರ ಬರೆದಾಗ, ಹೀಗೆ ಬರೆದರೆ ಯಾವ ಅಧಿಕಾರಿ ಓದುತ್ತಾನೆ, ಮನಸ್ಸು ಮುಟ್ಟುವಂತೆ ಬರಿ ಎಂದು ಪಕ್ಕದಲ್ಲಿ ಕುಳಿತು ತಿದ್ದಿಸಿದವಳು ಅವಳೇ. ಸಂತೋಷದಿಂದ ಎಂಬ ಮಾತು ಬಂದದ್ದು ಹಾಗೆ.

"...ಅಭ್ಯಾಸ ಸರ್ ಅದು. ಪತ್ರ ಬರಿಯೋದು ಕಲೀಲಿ ಅಂತ ಬರಸಿದ್ದು. ಮುಂದಿನ ಪಾಠ ಲಗ್ನಪತ್ರಿಕೆ ಐತಿ. ಅದನ್ನ ಬರದ್ರ ಅಷ್ಟೂ ಹುಡುಗ್ಯಾರ ಲಗ್ನ ಆತು ಅಂತೀರೇನು?"

"...ಬೇಕನ್ನೋರು ಬೇಕು ಅಂತ ಎದ್ದು ನಿಂತು ಹೇಳ್ಲಿ, ಯಾರು ಬ್ಯಾಡ ಅಂದ್ರು? ರಸ್ತೆ ಬರ್ಲಿ, ನೌಕರಿ ಬರ್ಲಿ. ಅವ್ರ ಬಾಯಾಗಿನ ಮಾತು ಅವ್ರದ ಇರ್ಲಿ. ನಾ ಕ್ಲಾಸಿನಾಗ ಬರಸಿದ್ದು ಇಲ್ಲಿ ಯಾಕ ಬರಬೇಕು?"

"...ಹುಸೇನಪ್ಪ ಗೊತ್ತಾ ಸರ್ ನಿಮಗ? ಗೊತ್ತಿರಂಗಿಲ್ಲ."

ಹುಸೇನಪ್ಪ ಆಗಲೇ ಒಗೆದ ಪಂಚೆ ಉಟ್ಟು, ಮುಂದಿನ ಸಾಲಿನ ಕುರ್ಚಿ ಹಿಡಿದು ಕೂತಿದ್ದ. ಮೆಕ್ಕೆಜೋಳದ ಹೊಲ ಬಿಡುವುದಿಲ್ಲ ಎಂದು ಓಣಿ ಓಣಿ ತಿರುಗಿ ಹೇಳಿದವನು, ಅವನ ಮಾತಿಗೆ ಕಟ್ಟುಬಿದ್ದು ನಾಲ್ಕು ಮನೆಯವರು ಗಟ್ಟಿಯಾಗಿ ನಿಂತಿದ್ದರು. ಮೈಕಿನಲ್ಲಿ ಅವನ ಮಗಳ ಹೆಸರು, ಮಗಳ ಒಪ್ಪಿಗೆ ಕೇಳಿಸಿದರೆ ಆ ಮನುಷ್ಯ ಅಲ್ಲೇ ಮುರಿದುಹೋಗುತ್ತಾನೆ. ಅವನಿಗೆ ಈ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

"ಸರ್, ಈಗಿಂದೀಗ ಆ ಕಂಪನಿಯವಗ ಫೋನ್ ಮಾಡ್ರಿ. ಕಟ್ಟು ವಾಪಸ್ ನನ್ನ ಕೈಗೆ ಕೊಡು ಅನ್ರಿ. ಅಧಿಕಾರಿಗಳು ಇನ್ನೂ ಬಂದಿಲ್ಲ, ಟೈಮ್ ಐತಿ."

"...ಆಗಂಗಿಲ್ಲಾ? ಹಂಗಾರ ಕೇಳ್ರಿ. ಅವ್ರು ಉತ್ತರ ಓದೂಕಿಂತ ಮೊದಲ ನಾ ಹೋಗಿ ಪ್ರಶ್ನೆ ಓದ್ತೀನಿ. ಹತ್ತು ಮಾರ್ಕ್ಸು ಅನ್ನೋದನ್ನೂ ಓದ್ತೀನಿ."

ಈ ಸಲ ಆಚೆ ಕೆಮ್ಮು ಬರಲಿಲ್ಲ. ಮರುಳಸಿದ್ದಪ್ಪನವರ ದನಿ ಜೋರಾಗಿ, ಪಕ್ಕದಲ್ಲಿದ್ದ ಭಾಗ್ಯಳಿಗೂ ಕೇಳುವಷ್ಟಾಯಿತು.

"...ನಾಳಿಂದ ಬರಬ್ಯಾಡ ಅಂತೀರಾ? ಹೋಗ್ಲಿ ಬಿಡ್ರಿ ಸರ್. ಗೆಸ್ಟ್ ಲೆಕ್ಚರರ್‌ಗೆ ನಾಳೆ ಅನ್ನೋದು ಎಂದಿದ್ರೂ ಅನುಮಾನಾನ."

"...ಏನಂದ್ರಿ? ಇನ್ನೊಂದ್ಸಲ ಹೇಳ್ರಿ."

"...ಅವ್ರಿಗ್ಯಾಕ ಸೊನ್ನೆ? ಇವು ಉತ್ತರಪತ್ರಿಕೆ ಅಂತ ಯಾರರ ಬಾಯಿಬಿಟ್ರ, ಹುಡುಗರು ಪರೀಕ್ಷೆ ಬರದೇ ಇಲ್ಲ ಅಂತ ಸೊನ್ನೆ ಹಾಕ್ತೀರಾ? ಅಷ್ಟೂ ಮಂದಿಗೆ? ನಪಾಸ್ ಆಗ್ತಾರ ಸರ್ ಅವ್ರು... ಸರ್, ನಿಮಗೂ ಮಕ್ಕಳದಾರ."

ತನ್ನ ನೌಕರಿಯನ್ನು ಎತ್ತಿ ಬಿಸಾಕಲು ತ್ರಿವೇಣಿಗೆ ಒಂದು ಗಳಿಗೆ ಸಾಕಾಗಿತ್ತು. ಆದರೆ ಅಷ್ಟು ಹುಡುಗರ ಒಂದು ವರ್ಷವನ್ನು ಬಿಸಾಕುವ ಹಕ್ಕು ಅವಳದಲ್ಲ. ಭಾಗ್ಯಳಂತೂ ಮನೆತನದಲ್ಲೇ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು, ಅದಕ್ಕೆ ಇನ್ನಷ್ಟು ಸಿಟ್ಟು ಬಂತು. ಭಾಗ್ಯ ಕೈ ಚಾಚಿ ಫೋನ್ ಕೇಳಿದಳು. ಬೇಡ ಎಂದು ತಲೆಯಾಡಿಸಿದರೂ ಬಿಡದೆ ತೆಗೆದುಕೊಂಡಳು.

"ಸರ್, ನಾ ಭಾಗ್ಯ, ಬಂಡ್ರಿ ಹುಸೇನಪ್ಪನ ಮಗಳು... ಹೌದ್ರಿ, ಅದ ಭಾಗ್ಯ."

"...ಉಳದೋರ ಮಾರ್ಕ್ಸ್ ಮುಟ್ಟಬ್ಯಾಡ್ರಿ ಸರ್. ಬಾಯಿ ಬಿಡಾಕಿ ನಾನು. ಸೊನ್ನೆ ನಂಗ ಹಾಕ್ರಿ, ನಪಾಸ್ ನನ್ನ ಮಾಡ್ರಿ."

"...ಇಲ್ರಿ, ಮೇಡಂ ಹೇಳಿಕೊಟ್ಟಿಲ್ಲ. ಅಲ್ಲಿ ನಮ್ಮಪ್ಪ ಮುಂದಿನ ಕುರ್ಚ್ಯಾಗ ಕುಂತಾನ. ನನ್ನ ಹೆಸರು ಮೈಕಿನ್ಯಾಗ ಬಂತು ಅಂದ್ರ ನಾ ಅವನ ಮಗ್ಗಲಾಗ ಎದ್ದು ನಿಂದರ್ತೀನಿ. ಇದು ನಾ ಮಾರ್ಕ್ಸಿಗೆ ಬರದದ್ದು, ಹೊಲಕ್ಕ ಬರದದ್ದಲ್ಲ ಅಂತೀನಿ. ಕೇಳಾಕತ್ತೈತಾ ಸರ್? ಹಲೋ... ಸರ್..."

ಲೈನು ಕಟ್ಟಾಗಿತ್ತು. ಭಾಗ್ಯ ಫೋನನ್ನು ಮೇಡಂ ಕೈಗಿಟ್ಟು, ಕಟ್ಟೆ ಇಳಿದು ಶಾಮಿಯಾನದ ಕಡೆ ನಡೆದಳು.