ಕೈ ಅಡ್ಡ ಹಿಡಿದರೂ

ಯಲವಿಗಿ ಸ್ಟೇಶನ್ನಿನಲ್ಲಿ ಹರಿಹರದ ಗಾಡಿಗಾಗಿ ಕಾಯುತ್ತಿದ್ದೆ. ಅದೇ ಬೆಂಚಿನ ಮೇಲೆ ಸವಣೂರಿನ ಗೋಪಿಕಾಬಾಯಿ, ಪಕ್ಕದಲ್ಲಿ ಮಗ ಪ್ರಾಣೇಶ. ಮುಂಬಯಿಯಲ್ಲಿ ಹೋಟೆಲ್ ವಿದ್ಯೆ ಓದುವ ಹುಡುಗ. ಕೆಲಸ ಮಾಡಿ ಕಲಿಯಲೆಂದು ಕಾಲೇಜಿನವರು ಅವನನ್ನು ಹುಬ್ಬಳ್ಳಿಯ ಹೋಟೆಲೊಂದಕ್ಕೆ ಕಳಿಸಿದ್ದರು. ಇಬ್ಬರ ಮುಖವೂ ಬಾಡಿತ್ತು.

“ಮ್ಯಾನೇಜರಗ ತಪ್ಪಾತು ಅಂತ ಅನ್ನು.”

“ಏನ್ ತಪ್ಪು ಮಾಡೇನಿ ಅವ್ವಾ? ಗಿರಾಕಿ ಬ್ಯಾಡ ಅಂದ್ರು, ನಾ ಹೋಳಿಗಿ ಹಾಕಿದೆ. ತಾಟಿನ ಮ್ಯಾಲೆ ಕೈ ಅಡ್ಡ ಹಿಡಿದ್ರು. ಕೈ ಮ್ಯಾಲೇ ತುಪ್ಪ ಸುರುವಿದೆ.”

“ಅಯ್ಯ, ಬಿಸಿ ಇತ್ತೇನು?”

“ಇತ್ತು.”

“ನಿಮ್ಮಪ್ಪ ಬೀಗರಿಗೆ ಹಂಗ ಬಡಸ್ತಾರಲ್ಲೋ. ಬ್ಯಾಡ ಅಂದ್ರಂತ ಸುಮ್ಮನಾದ್ರ ಬಂದವ್ರಿಗೆ ಅವಮಾನಲ್ಲೇನು?”

“ಹೋಟೆಲಿನ್ಯಾಗ ಬ್ಯಾಡ ಅಂದ್ರ ಬ್ಯಾಡನ ಅಂತ. ಅವತ್ತಿಂದ ಬರೇ ತಾಟು ತೊಳಿಯಾಕ ಹಚ್ಯಾರ. ಮ್ಯಾನೇಜರ ಛಲೋ ಅಂತ ಬರದು ಕೊಡದಿದ್ರ ಕಾಲೇಜಿನವ್ರು ಪಾಸ್ ಮಾಡಂಗಿಲ್ಲ.”

“ಬಿಟ್ಟು ಬರ್ತೀಯೇನು?”

“ಗೊತ್ತಿಲ್ಲ. ಸಾಕಾಗೇದ ಅವ್ವಾ.”

ಅಷ್ಟರಲ್ಲಿ ಹುಬ್ಬಳ್ಳಿ ಗಾಡಿ ಬಂತು. ಗೋಪಿಕಾಬಾಯಿ ಗಂಟು ಬಿಚ್ಚಿ ಉಂಡಿಯೊಂದನ್ನು ಮುಂದೆ ಹಿಡಿದರು.

“ತಗೋ.”

“ಬ್ಯಾಡ.”

ಉಂಡಿ ತಿರುಗಿ ಗಂಟಿನೊಳಗೆ ಹೋಯಿತು. ಮಗ ಗಂಟನ್ನೇ ನೋಡುತ್ತ ನಿಂತ.

“ಅವ್ವಾ, ಇನ್ನೊಮ್ಮೆ ತಗೋ ಅನ್ನು.”

“ಯಾಕೋ? ಬ್ಯಾಡ ಅಂದ್ರ ಬ್ಯಾಡನ ಅಲ್ಲೇನು?”

ಅವನು ನಕ್ಕುಬಿಟ್ಟ. ತಾಯಿ ಇಡೀ ಗಂಟನ್ನು ಅವನ ಕೈಗೆ ಒತ್ತಿದರು.

“ಮ್ಯಾನೇಜರಗೂ ಕೊಡು. ಬ್ಯಾಡ ಅಂದ್ರ ಒತ್ತಾಯ ಮಾಡಬ್ಯಾಡ.”

“ತಪ್ಪಾತು ಅಂತ ಮೊದಲ ಅಂತೇನಿ,” ಎನ್ನುತ್ತ ಅವನು ಗಾಡಿ ಹತ್ತಿದ. ಗೋಪಿಕಾಬಾಯಿ ಬರಿಗೈ ಸೆರಗಿಗೆ ಒರೆಸಿಕೊಂಡು ಸವಣೂರ ದಾರಿ ಹಿಡಿದರು.