ಬಕ್ಷೀಸಿನ ಇಳಕಲ್ ಸೀರಿ

ಅಲ್ಲ ರೇವಮ್ಮಾ, ನಾ ಏನ್ ಜಗಳಾಡಾಕ ಬಂದೀನೇನು? ಕುಂದರ್ಲಾ? ...ನೀ ಅನ್ನಲಿಲ್ಲಂದ್ರೂ ಕುಂದರ್ತೀನಿ ತಗೋ. ಸೊಲ್ಲಾಪುರದಿಂದ ಅಕ್ಕಲಕೋಟಿ ತನಾ ಯಸ್ಟಿ ಬಸ್ಸಿನೊಳಗ ನಿಂತು ಬಂದೀನಿ. ಅಲ್ಲಿಂದ ನಿಮ್ಮ ಹನ್ನೂರಿಗಿ ಎತ್ತಿನ ಗಾಡಿ! ಮೈಯಾಗಿನ ಎಲುಬು ಒಂದೊಂದೂ ತನ್ನ ಹೆಸರು ಹೇಳಾಕತ್ತದ... ಯಾಕ ನಗ್ತಿ? ಈ ಸಾವಿತ್ರಿಬಾಯಿ ಶೇಠಾಣಿ ಎತ್ತಿನ ಗಾಡ್ಯಾಗ ಕುಂತದ್ದು ನೆನಸಿ ನಗ್ತಿಯೇನು? ನಗು, ನಗು. ಆ ಕುರಿ ಉಣ್ಣೆ ಹಿಂಜೋದು ಬಿಟ್ಟು ಒಂಚೂರು ಈ ಕಡಿ ಮಾರಿ ಮಾಡಿ ನಗು.

ನಿನ್ನ ಕರ್ಯಾಕ ಬಂದೀನಿ ಅಂತ ತಿಳ್ಕೋಬ್ಯಾಡ ಮತ್ತ! ಅಕ್ಕಲಕೋಟಿಗಿ ಸ್ವಾಮಿ ದರ್ಶನಕ್ಕ ಬಂದಿದ್ದೆ. ಹ್ಯಾಂಗೂ ಬಂದೀನಿ, ರೇವಮ್ಮ ಹೆಂಗದಾಳ ನೋಡಿ ಹೋಗೂಣು ಅಂತ... ಕಾರಖಾನಿ? ಕಾರಖಾನಿಗೇನಾಗ್ಯದ? ಅಗದಿ ಬೇಸಿ! ಶೇಂಗಾ ಚಟ್ನಿಗಿ ಗಿರಾಕಿ ಪಾಳಿ ಹಚ್ಯಾರ. ಒರಳಾಗಿನ ಒನಕಿ ಏಳೂದೇ ಇಲ್ಲ... ಅಂದ್ರ, ಏಳ್ತದ, ಬೀಳ್ತದ, ಏಳ್ತದ... ನಿನಗ ಗೊತ್ತಿಲ್ಲದ್ದೇನು!

ಎಲ್ಲಾ ನಮ್ಮ ಅಳಿಯಂದೇ ತಪ್ಪು ನೋಡು. ಪುಣೇದಾಗ ದೊಡ್ಡ ಕಂಪನಿ ಮ್ಯಾನೇಜರ. ದೀಪಾವಳಿಗಿ ಬಂದಾಂವ, ಭಕ್ರಿ ಚಟ್ನಿ ಮುಂದಿಟ್ಕೊಂಡು ಉಪದೇಶ ಸುರು ಮಾಡಿದ. "ಅತ್ತ್ಯಾ, ಕೆಲಸದವರು ಖುಷಿ ಇದ್ರ ಕೆಲಸ ತಾನ ಓಡ್ತದ. ದಿನಾ ಮುಂಜಾನಿ ಎಲ್ಲಾರನ್ನೂ ಹೊಗಳ್ರಿ." ಹೊಗಳಿದೆ! ನೀನೂ ಅಲ್ಲೇ ಇದ್ದಿ, ಹೌದಿಲ್ಲೊ? ತೊಟ್ಟು ಮುರ್ಯೋ ಚಂದ್ರಭಾಗಾಗ, "ವಾ ವಾ, ಏನ್ ಮೆಣಸಿನಕಾಯಿ ತೊಟ್ಟು ಮುರಿತಿ ತಾಯಿ, ಮುತ್ತು ಪೋಣಿಸಿದಂಗ!" ಅಂದೆ. ಆಕಿ ಬೆದರಿ ಎದ್ದು ಬಂದು ನನ್ನ ಹಣಿ ಮುಟ್ಟಿ ನೋಡಿದ್ಲು, ಜ್ವರಾ ಗಿರಾ ಬಂದದೇನು ಅಂತ! ಮಧ್ಯಾಹ್ನ ಎಲ್ಲಾರೂ ಕೂಡಿ ನಿಂಬಿಹಣ್ಣು ತಂದು ನಿವಾಳಿಸಿದ್ರು ನನಗ! ಖಾರದ ಕೈಲೇ!

ಆಮ್ಯಾಲ ಟ್ರಾನ್ಸಿಸ್ಟರ್ ತಂದಿಟ್ಟೆ. ಹಾಡು ಕೇಳಕೋತ ಮಾಡಿದ್ರ ದಣಿವು ತಿಳಿಯಂಗಿಲ್ಲಂತ. ಬ್ಯಾಂಡಿನ ಹಾಡು ಬಂದ್ರ ಒನಕಿ ಕುದುರಿಯಂಗ ಓಡಿ ಶೇಂಗಾ ಎಣ್ಣಿ ಬಿಡ್ತಿತ್ತು. ಎಮರ್ಜನ್ಸಿ ಸುದ್ದಿ ಬಂದ್ರ, "ಆಣೀಬಾಣಿ ಅಂದ್ರೇನ್ರಿ ಬಾಯಾರ?" ಅಂತ ಒನಕಿಗಿ ಗದ್ದ ಆನಿಸಿಕೊಂಡು ನಿಂತೇ ಬಿಡ್ತಿದ್ರು. ಹಾಂ! ನಕ್ಕಿ! ನೋಡು, ಈಗ ನಕ್ಕಿ!

...ಆ ಸೀರಿ ಸುದ್ದಿ ಬ್ಯಾಡ. ನೀ ತೆಗಿಲಿಲ್ಲ, ಖರೆ. ಆದ್ರ ಹಂಗ್ಯಾಕ ನೋಡ್ತಿ ನನ್ನ ಸೆರಗ? ಅದೂ ಅಳಿಯಂದೇ ಮಾತು. "ಎಲ್ಲಾರಕಿಂತ ಚಲೋ ಮಾಡಿದಾಕಿಗಿ ಬಕ್ಷೀಸ ಕೊಡ್ರಿ" ಅಂದ. ಇಳಕಲ್ ಸೀರಿ ತಂದೆ. ಸಂಕ್ರಾಂತಿಗಿ ಎಲ್ಲಾರ ಎದುರಿಗಿ ಅಂವನ ಕೈಲೇ ಕೊಡಿಸಿದೆ. "ಉಮಾಬಾಯಿ" ಅಂತ ಅಂವ ಕೂಗಿದ. ನಾನಲ್ಲ, ಅಂವ! ಪುಣೇದಾಂವಗ ಏನ್ ತಿಳಿತದ, ಯಾರು ಕುಟ್ತಾರ, ಯಾರು ಒನಕಿ ಹಿಡಕೊಂಡು ಹಲ್ಲು ಕಿಸಿತಾರ...

ಏನು? ...ಏನಂದಿ? ಅಂವಗ ಉಮಾನ ಹೆಸರು ಹ್ಯಾಂಗ ಗೊತ್ತು ಅಂತೇನು? ಅನ್ನಲಿಲ್ಲಾ? ಬಾಯಿಲೆ ಅನ್ನಲಿಲ್ಲ, ಕಣ್ಣಿಲೆ ಅಂದಿ! ...ಹೂಂ. ನಾನೇ ಅಂವನ ಕಿವ್ಯಾಗ ಹೇಳಿದೆ. ಸಾಕಾ?

ಏನ್ ಮಾಡಬೇಕಿತ್ತು ನಾ? ಉಮಾ ಮಾತಿಗೊಮ್ಮಿ ಸೊಂಟದ ಮ್ಯಾಲ ಕೈ ಇಡ್ತಿದ್ಲು. "ಬಾಜೂದ ಶಾರದಾಬಾಯಿ ತಮ್ಮ ಚಟ್ನಿ ಕಾರಖಾನಿಗಿ ಕರ್ಯಾಕತ್ತಾರ, ನಾ ಹೋಗ್ತೀನಿ ನೋಡ್ರಿ!" ಆಕಿನ್ನ ಹಿಡಕೋಬೇಕಿತ್ತು. ಹಿಡಕೊಂಡೆ. ಈಗ ಚಲೋ ಕೆಲಸ ಮಾಡಾಕತ್ತಾಳ ಉಮಾ. ಭಾಳ ಚಲೋ.

...ಯಾಕ, ಕೈ ಯಾಕ ನಿಂತು? ಚಲೋ ಮಾಡಾಕತ್ತಾಳ ಅಂದೆ. ಸುಳ್ಳಲ್ಲ, ಸಿದ್ಧರಾಮನ ಆಣಿ! ...ಎಲ್ಲಿ ಅಂತ ಹೇಳಲಿಲ್ಲ, ಅಷ್ಟ.

ಹೋದ್ಲು! ಶಾರದಾಬಾಯಿ ಕಡಿನೇ ಹೋದ್ಲು! ಆ ಸೀರಿನೇ ಉಟ್ಕೊಂಡು ಹೋದ್ಲು ರೇವಮ್ಮಾ, ನಿರಗಿ ಚಿಮ್ಮಿಸ್ಕೋತ, ನನ್ನ ಬಾಗಲ ಮುಂದಿಂದ! ನಗು ಈಗ. ಇದಕ್ಕ ನಗಬೇಕು ನೋಡು ನೀ... ನಗ್ವಲ್ಲಿ?

ದರ್ಶನಕ್ಕ ಬಂದಿಲ್ಲ ನಾ. ಸ್ವಾಮಿ ಗುಡಿ ಕಡಿ ಹೊಳ್ಳಿ ಸೈತ ನೋಡಿಲ್ಲ. ಚಟ್ನಿ ಕೆಡಾಕತ್ತದ. ಇವತ್ತು ಬರೇ ಖಾರ, ನಾಳಿಗಿ ಬರೇ ಉಪ್ಪು. ಉಳದವರು ಒಬ್ಬರ ಮಾರಿ ಒಬ್ಬರು ನೋಡ್ಕೋತ ಕುಂತಾರ. ನೀ ಒಂದು ಕುಟ್ಟೋ ಪದಾ ಎತ್ತಿದ್ರ ಅಷ್ಟೂ ಒನಕಿ ಕೂಡೇ ಬೀಳ್ತಿದ್ವು. ಅದರ ಮ್ಯಾಲ ನಾ ಟ್ರಾನ್ಸಿಸ್ಟರ್ ಹಚ್ಚಿದೆ, ಹುಚ್ಚಿ!

ಬಾ ಇನ್ನ. ನಿನ್ನ ತಮ್ಮ ಬೀರಣ್ಣಗ ನಾ ಹೇಳ್ತೀನಿ, ಕುರಿ ಅಂವ ನೋಡ್ಕೋತಾನ. ...ನೀನರೆ ಹೊಂಟಾಗ ಒಂದು ಮಾತು ಬೈಬೇಕಿತ್ತು! ಸಂಕ್ರಾಂತಿ ಮರುದಿನ ಸುಮ್ಮನ ಬರೂದೇ ಬಿಟ್ಟಿ. ಉಮಾನಂಗ ಸೊಂಟದ ಮ್ಯಾಲ ಕೈ ಇಟ್ಟು ನೀನೂ ಒಮ್ಮಿರೆ "ಹೋಗ್ತೀನಿ" ಅಂದಿದ್ರ, ನಿನಗೇ ಕೊಡ್ತಿದ್ದೆ ಸೀರಿ. ನೀ ಅನ್ನಾಕಿ ಅಲ್ಲ. ಇಷ್ಟು ವರ್ಷದಾಗ ಎಂದೂ ಅನ್ನಲಿಲ್ಲ. ಅನ್ನಂಗಿಲ್ಲ ಅಂತ ನನಗ ಗೊತ್ತಿತ್ತು, ಅದಕ...

...

ಹಂಗ ನೋಡಬ್ಯಾಡ ರೇವಮ್ಮಾ. ಬೈ, ಏನರೆ ಅನ್ನು.

...ಹೂಂ. ಅದಕ ಕೊಡಲಿಲ್ಲ. ರೇವಮ್ಮ ಎಲ್ಲಿಗಿ ಹೋಗ್ತಾಳ ಬಿಡು, ಅಂತ... ಕೊಡಲಿಲ್ಲ.